ಕೆಂಪು ಗೆರೆಯ ಮೇಲೆ ಬೆಲ್ಲ ನೀರು

ಎಂಜಿನಿಯರ್ ಮೇಡಂ ಗಿರಿಜಕ್ಕನ ದಿನಸಿ ಅಂಗಡಿಯ ಜಗಲಿಗೆ ಕೆಂಪು ಬಣ್ಣದ ಗೆರೆ ಎಳೆಸುತ್ತಿದ್ದರು. ಮೂಡುಬಿದಿರೆಯ ನಮ್ಮ ಹಳೆಯ ಪೇಟೆಯನ್ನು ಹೊಸದು ಮಾಡಲು ಸರ್ಕಾರದ ಅನುದಾನ ಬಂದಿತ್ತು. ಫುಟ್‌ಪಾತ್‌ಗಾಗಿ ಜಗಲಿ ಒಡೆಯಬೇಕಿತ್ತು. ಎದುರಿನ ನನ್ನ ಟೈಲರ್ ಅಂಗಡಿಯಿಂದ ಜಗಳಕ್ಕೆಂದೇ ಇಳಿದು ಬಂದೆ. ನೋಡಿದರೆ ಗಿರಿಜಕ್ಕ ತಟ್ಟೆಯಲ್ಲಿ ಬೆಲ್ಲ, ಚೆಂಬಿನಲ್ಲಿ ನೀರು ಹಿಡಿದು ನಿಂತಿದ್ದಾರೆ!

“ಒಡೆಯಲಿಕ್ಕೆ ಬಂದವರಿಗೆ ಉಪಚಾರ ಬೇರೆಯಾ?” ಎಂದು ರೇಗಿದೆ.

“ಬಿಸಿಲಿಗೆ ಬಂದಿದ್ದಾರೆ ಮಾರಾಯ. ಮೊದಲು ನೀರು ಕುಡಿಯಲಿ, ಮತ್ತೆ ಮಾತಾಡುವ.”

ಮೇಡಂ ಬೆಲ್ಲ ಕಚ್ಚಿ ನೀರು ಕುಡಿಯಲು ಜಗಲಿಯ ಮೇಲೆಯೇ ಕುಳಿತರು. ಪುತ್ತಿಗೆ ಬಸ್ಸಿಗೆ ಕಾಯುತ್ತಿದ್ದ ಇಬ್ಬರು ಅಜ್ಜಿಯರು ಸರಿದು ಜಾಗ ಕೊಟ್ಟರು. ಬಸ್ಸು ಬಂದು ಅಜ್ಜಿಯರು ಹತ್ತುವವರೆಗೂ ಮೇಡಂ ಏಳಲಿಲ್ಲ.

“ಬಸ್ಸಿಗೆ ಕಾಯುವವರೆಲ್ಲ ದಿನಾ ಇಲ್ಲೇ ಕೂರ್ತಾರಾ?” ಎಂದು ಕೇಳಿದರು.

“ಮತ್ತೆಲ್ಲಿ ಜಾಗ ಉಂಟು ಮೇಡಂ?” ಎಂದರು ಗಿರಿಜಕ್ಕ.

ಈಗ ಜಗಲಿ ಇಲ್ಲ. ಫುಟ್‌ಪಾತ್‌ನ ಅಂಚಿಗೆ, ಮೊದಲ ನಕ್ಷೆಯಲ್ಲಿ ಇರದಿದ್ದ ಉದ್ದನೆಯ ಕಲ್ಲುಬೆಂಚು ಬಂದಿದೆ. ನೆರಳಿಗೆ ಮೇಲೊಂದು ಹೆಂಚಿನ ಮಾಡು, ತುದಿಯಲ್ಲಿ ಗಿರಿಜಕ್ಕನ ಚೆಂಬು. ನಾನು ಹತ್ತಬೇಕಾದ ಬಸ್ಸು ಯಾವುದೂ ಇಲ್ಲ. ಆದರೂ ಸಂಜೆಯ ಹೊತ್ತು ನಾನೂ ಹೋಗಿ ಅಲ್ಲಿ ಕೂರುತ್ತೇನೆ.