ಹಾಡಿಗಿಂತ ಮೊದಲೇ ಊರು ಬಂತು

ಹೋದ ವಾರ ಕುಷ್ಟಗಿಯ ನಮ್ಮ ಓಣಿಗೆ ಡಾಂಬರು ಬಿತ್ತು. ಬಿಸಿಲಿಗೆ ಮೊದಲೇ ಕಾದ ನೆಲ, ಅದರ ಮೇಲೆ ಕುದಿಯುವ ಡಾಂಬರು; ಅಡುಗೆಮನೆಯ ಒಗ್ಗರಣೆಯ ವಾಸನೆಯೂ ಸೋತು ಸುಮ್ಮನಾಯಿತು. ಓಣಿಯವರೆಲ್ಲ ಕಟ್ಟೆಗೆ ಬಂದು ಮದುವೆ ದಿಬ್ಬಣ ನೋಡುವಂತೆ ನೋಡುತ್ತಿದ್ದರು. ನಾನೊಬ್ಬ ಮೂಗು ಮುಚ್ಚಿಕೊಂಡು ಒಳಗೆ ಹೋದೆ. "ಎಲ್ಲಾರೂ ಖುಷಿ ಅದಾರ, ನೀವ್ಯಾಕ್ರಿ ಮಾರಿ ಗಂಟ್ ಹಾಕ್ಕೊಂಡ್ ಕುಂತೀರಿ?" ಎಂದಳು ಹೆಂಡತಿ. ವಾಸನೆ ತಡೆಯಲಾಗುತ್ತಿಲ್ಲ ಎಂದೆ. ಅವಳು ನಂಬಲಿಲ್ಲ, ನೀವೂ ನಂಬಬೇಡಿ.

ಡಾಂಬರಿನ ಮೇಲೆ ನನಗೆ ಸುಮಾರು ಇಪ್ಪತ್ತೈದು ವರ್ಷದ ಸಿಟ್ಟಿದೆ. ಅದರ ಕಾರಣ ಹೇಳಬೇಕೆಂದರೆ ನಾನೊಂದು ಕಾಲದಲ್ಲಿ ರಾಕ್ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದೆ ಎಂಬುದನ್ನೂ ಹೇಳಬೇಕಾಗುತ್ತದೆ. ನಗಬೇಡಿ ಎನ್ನುವುದಿಲ್ಲ. ಹಗಲೆಲ್ಲ ಸರಕಾರಿ ಕಚೇರಿಯಲ್ಲಿ ಟಪಾಲು ಗುಮಾಸ್ತ, ಸಂಜೆಗೆ ಡ್ರಮ್ಮರ್. ನನ್ನ ಅಪ್ಪನೇ ನಕ್ಕಿದ್ದ, ಇನ್ನು ನೀವು ನಕ್ಕರೆ ಹೋಗುವುದೇನು?

ಇದಕ್ಕೆಲ್ಲ ಮೂಲಪುರುಷ ಬೇವೂರಿನ ಯಮನೂರ. ಕುಷ್ಟಗಿಯಲ್ಲಿ ಟೇಪ್ ರಿಪೇರಿ ಅಂಗಡಿ ಇಟ್ಟಿದ್ದ, ಗಿಟಾರ್ ಬಾರಿಸುತ್ತಿದ್ದ. ಯಾರೋ ರಿಪೇರಿಗೆ ಕೊಟ್ಟ ಟೇಪಿನೊಳಗೆ ಮರೆತುಬಿಟ್ಟ ಕ್ಯಾಸೆಟ್ಟಿನಿಂದ ಅವನಿಗೆ, ಅವನಿಂದ ನನಗೆ, ಪ್ರೊಗ್ರೆಸಿವ್ ರಾಕ್ ಎಂಬ ಹುಚ್ಚು ಹತ್ತಿತು. ಒಂದೇ ಹಾಡು ಇಪ್ಪತ್ತು ನಿಮಿಷ ನಡೆಯುತ್ತದೆ, ನಡುವೆ ನಾಲ್ಕು ಸಲ ತಾಳ ಬದಲಾಗುತ್ತದೆ, ಮುಗಿಯಿತು ಎಂದು ನೀವು ಏಳುವಾಗ ಮತ್ತೆ ಶುರುವಾಗುತ್ತದೆ. ಅದನ್ನು ನಮ್ಮ ಶೇಖರಪ್ಪ ಮಾಸ್ತರಿಗೆ ಕೇಳಿಸಿದೆವು. ಅವರು ಪ್ರಾಥಮಿಕ ಶಾಲೆಯ ಮಾಸ್ತರು, ಶನಿವಾರದ ಭಜನೆಯಲ್ಲಿ ಪೇಟಿ ಬಾರಿಸುವವರು. ಹಾರ್ಮೋನಿಯಂ ಎಂದರೆ ಅವರಿಗೆ ಸಿಟ್ಟು ಬರುತ್ತಿತ್ತು, ಪೇಟಿ ಎನ್ನಬೇಕು. ಕಣ್ಣು ಮುಚ್ಚಿ ಪೂರ್ತಿ ಕೇಳಿ, "ಇದರಾಗ ಹೊಸಾದೇನೈತೋ ತಮ್ಮಾ? ನಮ್ಮ ಭಜನ್ಯಾಗ ಒಂದೊಂದು ಪದ ತಾಸಗಟ್ಲೆ ಎಳೀತೀವಿ" ಎಂದರು. ಹಾಗೆ ಎಂದವರೇ ಮರುದಿನ ಪೇಟಿ ಹೊತ್ತುಕೊಂಡು ಅಂಗಡಿಗೆ ಬಂದರು.

ನಮ್ಮ ಮೊದಲ ಕ್ಯಾಸೆಟ್ಟಿನ ಹೆಸರು 'ಚರಗ'. ಎಳ್ಳಮಾವಾಸ್ಯೆಯ ದಿನ ಮನೆಮಂದಿಯೆಲ್ಲ ಚಕ್ಕಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂತಾಯಿಗೆ ಎಡೆ ಚೆಲ್ಲಿ, ಉಂಡು ಬರುವವರೆಗಿನ ಒಂದೇ ಹಾಡು. ಕ್ಯಾಸೆಟ್ಟಿನ ಒಂದು ಮಗ್ಗಲು ಪೂರ್ತಿ ಅದೇ. ನಡುವೆ ನಾವು ಮೂವರೂ ಗಂಟಲು ಹರಿಯುವಂತೆ ಎಡೆ ಚೆಲ್ಲುವಾಗಿನ ಚರಗದ ಕೂಗು ಹಾಕುತ್ತಿದ್ದೆವು. ಅದನ್ನು ಹಿಟ್ ಮಾಡಿದವನು ನಿಂಗಪ್ಪ. ಕುಷ್ಟಗಿಯಿಂದ ತಾವರಗೇರಾಕ್ಕೆ ಮೂರು ಗಾಲಿಯ ಟಂಟಂ ಓಡಿಸುತ್ತಿದ್ದ. ಆಗಿನ ರಸ್ತೆ ನಿಮಗೆ ನೆನಪಿದ್ದರೆ ನಿಮ್ಮ ಬೆನ್ನಿಗೂ ನೆನಪಿರುತ್ತದೆ. ಗಾಡಿ ಕುಷ್ಟಗಿ ಬಿಡುವಾಗ ಶುರುವಾದ ಹಾಡು ತಾವರಗೇರಾ ಬರುವಾಗ ಸರಿಯಾಗಿ ಮುಗಿಯುತ್ತಿತ್ತು. ಕೂಗು ಬಂದಾಗ ಸಂತೆಗೆ ಹೊರಟವರೆಲ್ಲ, ಮಡಿಲಲ್ಲಿ ಕೋಳಿ ಇಟ್ಟುಕೊಂಡ ಅಜ್ಜಿಯರೂ, ಕೂಡಿ ಕೂಗುತ್ತಿದ್ದರು. ವರ್ಷ ಕಳೆಯುವುದರಲ್ಲಿ ಯಲಬುರ್ಗಾ ಕಡೆಯ ಗಾಡಿಗಳಲ್ಲೂ ಅದೇ ಹಾಡು. ನಾವು ಹೋಟೆಲಿಗೆ ಹೋದರೆ ಕೇಳದೆಯೇ ಮಿರ್ಚಿ ಬರುತ್ತಿತ್ತು. ಕೇಳದೆ ಮಿರ್ಚಿ ಬಂದ ಮನುಷ್ಯನ ತಲೆ ನೆಟ್ಟಗಿರುವುದು ಕಷ್ಟ.

ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಮುಂದಿನದು ಯಾವಾಗ? ಯಮನೂರ ನಿದ್ದೆಗೆಟ್ಟ. ಹಳೆಯ ಇಂಗ್ಲಿಷ್ ಪತ್ರಿಕೆಗಳನ್ನು ಓದಿ ಅವನೊಂದು ಸಿದ್ಧಾಂತ ಕಂಡುಕೊಂಡಿದ್ದ: ದೊಡ್ಡ ಹೆಸರು ತಂದ ಆಲ್ಬಮ್ಮಿನ ನಂತರದ್ದೇ ಬ್ಯಾಂಡಿಗೆ ಗಂಡಾಂತರ. "ಒಂದ್ ಬ್ಯಾಂಡಿನವ್ರು ಇನ್ನ ವಾದ್ಯನ ಬ್ಯಾಡ ಅಂತ ಅಡಗಿ ಪಾತ್ರಿ, ಬಾಟ್ಲಿ ಬಾರಿಸಿ ಹಾಡು ಮಾಡಾಕ ಕುಂತ್ರಂತ. ತಿಂಗಳಗಟ್ಲೆ ಬಾರಿಸಿ ಕೈ ಬಿಟ್ರು. ಇನ್ನೊಂದ್ ಬ್ಯಾಂಡಿನವ್ರು ಹಾಡು ಎಷ್ಟ್ ಉದ್ದ ಮಾಡಿದ್ರಂದ್ರ, ಪೇಟಿ ಬಾರಸಾವ ಸ್ಟೇಜ್ ಮ್ಯಾಲೆ ಕುಂತು ಊಟ ಮಾಡಿದನಂತ!" ಶೇಖರಪ್ಪ ಮಾಸ್ತರು ಗಂಭೀರವಾಗಿ ಕೇಳಿದರು: "ಏನ್ ಉಂಡನಂತ?"

ಆದರೆ ಮಾಸ್ತರಿಗೂ ಒಳಗೊಳಗೆ ಒಂದು ನೋವಿತ್ತು. ಒಂದು ಸಂಜೆ ಮೆಲ್ಲಗೆ ಹೇಳಿದರು. "ಚರಗದಾಗ ಮಂದಿ ಕೇಳಿದ್ದು ಕೂಗು. ನನ್ನ ಪೇಟಿ ಯಾರೂ ಕೇಳಲಿಲ್ಲ ತಮ್ಮಾ. ನಮ್ಮವ್ವ ಬೀಸುವಾಗ ಹಾಡತಿದ್ದ ಒಂದು ಧಾಟಿ ಐತಿ, ಈ ಸಲ ಅದನ್ನ ಬಾರಸ್ತೀನಿ. ಅದನ್ನೂ ಮಂದಿ ಕೇಳಲಿಲ್ಲಂದ್ರ ಪೇಟಿ ಮುಚ್ಚಿ ಅಟ್ಟಕ್ಕ ಇಡತೀನಿ." ಅವರು ಮಾತಿಗೆ ತಪ್ಪುವವರಲ್ಲ. ನನಗೆ ಹೆದರಿಕೆಯಾಯಿತು. ಹೆದರಿಕೆಯಲ್ಲಿ ನನ್ನ ಬುದ್ಧಿ ಓಡಿತು, ಅದೇ ಮುಳುವಾಯಿತು.

ಹಾಡನ್ನೇ ರಸ್ತೆಯ ಅಳತೆಗೆ ಹೊಲಿಸಿಬಿಡೋಣ ಎಂದವನು ನಾನು. ನಿಂಗಪ್ಪನ ಪಕ್ಕ ಗಡಿಯಾರ, ನೋಟುಬುಕ್ಕು ಹಿಡಿದು ಕೂತು ಹದಿನಾಲ್ಕು ಸಲ ತಾವರಗೇರಾಕ್ಕೆ ಹೋಗಿ ಬಂದೆ. ಹುಣಸೆಮರದ ತಿರುವು ಇಷ್ಟನೇ ನಿಮಿಷಕ್ಕೆ, ಹಳ್ಳದ ಇಳಿಜಾರು ಇಷ್ಟಕ್ಕೆ, ದೊಡ್ಡ ತಗ್ಗು ಇಷ್ಟಕ್ಕೆ. ತಿರುವಿನಲ್ಲಿ ಗಿಟಾರು ತಿರುಗಬೇಕು, ತಗ್ಗಿನಲ್ಲಿ ನನ್ನ ಡ್ರಮ್ಮು ಬೀಳಬೇಕು. ಊರು ಸಮೀಪಿಸಿ, ಗಾಡಿಯೊಳಗಿನ ಮಾತೆಲ್ಲ ತಣ್ಣಗಾದಾಗ ಮಾಸ್ತರ ಪೇಟಿ, ಅದೊಂದೇ, ಹತ್ತು ನಿಮಿಷ. "ತುದಿಗೆ ಇಡೂಣ್ರಿ, ಊಟದ ಕಡೀಕ ಮೊಸರನ್ನ ಇದ್ದಂಗ" ಎಂದೆ. ಮಾಸ್ತರು ಒಪ್ಪಿದರು.

ಗಂಗಾವತಿಯಲ್ಲಿ ಒಂದು ಅಕ್ಕಿ ಗಿರಣಿಯ ಹಿಂದಿನ ಕೋಣೆಯೇ ಸ್ಟುಡಿಯೋ. ಗಿರಣಿ ನಿಂತ ದಿನ ಮಾತ್ರ ರೆಕಾರ್ಡಿಂಗ್, ಆ ಗಿರಣಿಯೋ ನಿಲ್ಲುವುದೇ ಅಪರೂಪ. ವರ್ಷ ಹಿಡಿಯಿತು. ಮಾಸ್ತರು ತಮ್ಮ ಭಾಗವನ್ನು ಒಂದೇ ಉಸಿರಿಗೆ ಬಾರಿಸಿದರು. ನಿಜ ಹೇಳುತ್ತೇನೆ, ಆ ಹತ್ತು ನಿಮಿಷದ ಮುಂದೆ ನಮ್ಮ ಇಡೀ 'ಚರಗ' ಸಪ್ಪೆ. ನಾನು ಕೋಲು ಕೆಳಗಿಟ್ಟು ಕಣ್ಣು ಒರೆಸಿಕೊಂಡೆ, ಯಮನೂರ ಗೋಡೆಯ ಕಡೆ ತಿರುಗಿ ನಿಂತ.

ಅದೇ ವರ್ಷ ತಾವರಗೇರಾ ರಸ್ತೆಗೆ ಡಾಂಬರಾಯಿತು. ನಾವು ರಜೆಯ ದಿನವೆಲ್ಲ ಗಂಗಾವತಿಯಲ್ಲಿ, ಉಳಿದ ದಿನ ತಾಲೀಮಿನಲ್ಲಿ. ಗಂಗಾವತಿಗೂ ಕೊಪ್ಪಳದ ಮೇಲಿನ ಬಸ್ಸಿಗೇ ಹೋಗುತ್ತಿದ್ದೆವು; ಆ ದಾರಿಗೆ ಒಬ್ಬರೂ ಹಾಯಲಿಲ್ಲ, ನಿಂಗಪ್ಪನ ಭೇಟಿಯೂ ಆಗಲಿಲ್ಲ. ನಾಚಿಕೆಯ ಮಾತೆಂದರೆ ಆ ಕೆಲಸದ ಕಾಗದಕ್ಕೆ 'ಬಂದಿದೆ' ಎಂದು ಮುದ್ರೆ ಒತ್ತಿದವನು ನಾನೇ. ಟಪಾಲು ಗುಮಾಸ್ತ ಮುದ್ರೆ ಒತ್ತುತ್ತಾನೆ, ಓದುವುದಿಲ್ಲ. ತಾಳ ಹಾಕುತ್ತ ಒತ್ತಿದ್ದೆ ಎಂದು ಕಾಣುತ್ತದೆ.

ಹೊಸ ಕ್ಯಾಸೆಟ್ಟಿನ ಹೆಸರು 'ಹಾದಿ'. ಮೊದಲ ದಿನ ನಾವು ಮೂವರೂ ನಿಂಗಪ್ಪನ ಗಾಡಿ ಹತ್ತಿದೆವು. ಗಾಡಿ ಬೆಣ್ಣೆಯ ಮೇಲೆ ಜಾರಿದಂತೆ ಹೊರಟಿತು. ಮಂದಿಯೆಲ್ಲ ರಸ್ತೆಯನ್ನು ಹೊಗಳುವುದರಲ್ಲೇ ಇದ್ದರು. ಹುಣಸೆಮರ ಹಿಂದೆ ಹೋಗಿ ಎಷ್ಟೋ ಹೊತ್ತಾದ ಮೇಲೆ ಗಿಟಾರು ತಿರುಗಿತು. ಇಲ್ಲದ ತಗ್ಗಿಗೆ ನನ್ನ ಡ್ರಮ್ಮು ಧಡಾರನೆ ಬಿತ್ತು, ಒಬ್ಬಾತ "ಟಾಯರ್ ಒಡೀತೇನ್ರಿ?" ಎಂದ. ತಾವರಗೇರಾ ಬಂತು. ಅದೇ ಹೊತ್ತಿಗೆ ಮಾಸ್ತರ ಪೇಟಿ ಮೊದಲ ಸ್ವರ ಹಿಡಿದಿತ್ತು. ಮಂದಿ ಚೀಲ ಎತ್ತಿಕೊಂಡು ದಡದಡ ಇಳಿದು ಹೋದರು. ನಾನು ಮಾಸ್ತರ ಮುಖ ನೋಡಲಿಲ್ಲ. "ರಸ್ತಾ ಭಾಳ ಛಲೋ ಆಗೇತಿ ಬಿಡ್ರೋ" ಎಂದರು, ಅಷ್ಟೇ. ಮನೆಯಲ್ಲಿ ಟೇಪು ಇದ್ದವರು ಸಿನಿಮಾ ಹಾಡು ಕೇಳುತ್ತಿದ್ದರು. ನಮ್ಮದು ಗಾಡಿ ಹತ್ತಿದವರ ಹಾಡು. ವಾರದೊಳಗೆ ಎಲ್ಲ ಗಾಡಿಗಳಲ್ಲೂ ಮತ್ತೆ 'ಚರಗ' ಬಂತು ಎಂದು ಕೇಳಿ ನಾನು ಆ ಗಾಡಿಗಳ ಕಡೆ ಸುಳಿಯಲೇ ಇಲ್ಲ, ಮಾಸ್ತರ ಪೇಟಿ ಅಟ್ಟಕ್ಕೆ ಹೋಯಿತು. ಆಮೇಲೆ ಯಮನೂರ ಕೊಪ್ಪಳಕ್ಕೆ ಹೋಗಿ ಮೊಬೈಲ್ ಅಂಗಡಿ ತೆರೆದ, ನಿಂಗಪ್ಪ ಗಾಡಿ ಮಾರಿ ಎಲ್ಲಿಗೋ ಹೋದ. ಮಾಸ್ತರು ನನ್ನನ್ನು ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಇದು ನನ್ನ ಸಿಟ್ಟಿನ ಕಥೆ. ನಮ್ಮ ಓಣಿಗೆ ಡಾಂಬರು ಬಿದ್ದ ಮೂರನೆಯ ದಿನ, ಎಂದೂ ಬಾರದ ದಾಳಿಂಬೆ ಗಾಡಿಯೊಂದು ಒಳಗೆ ಬಂತು. "ರಸ್ತಾ ಛಲೋ ಆತಲ್ರೀ, ಅದಕ್ಕ ಬಂದೆ" ಎನ್ನುತ್ತ ಇಳಿದವನು ತಲೆ ನೆರೆತ ನಿಂಗಪ್ಪ. ಗುರುತು ಹಿಡಿದು ನಕ್ಕ. ಚಹಾ ಕುಡಿಯುತ್ತ ತಾನಾಗಿಯೇ ಹೇಳಿದ. "ಸಾಹೇಬ್ರ, ಆ ಹಾದಿ ಕ್ಯಾಸೆಟ್ ನಾ ಎರಡು ವರ್ಷ ಹಾಕೇನ್ರಿ, ತೇಯ್ದು ಹರಿಯೂತನಕ. ಬಾಕಿ ಗಾಡಿಯವ್ರು ಹೊಸಾ ರಸ್ತಾದಾಗ ಜೋರ್ ಹೊಡದ್ರು. ನಾ ಹಳೀ ಸ್ಪೀಡಿನ್ಯಾಗ ಹೊಡದೆ. ಅವಸರದವ್ರು ಬ್ಯಾರೆ ಗಾಡಿ ಹಿಡದ್ರು. ನನಗ ಉಳದಾವ್ರು ಬರೇ ಮುದುಕ್ಯಾರು. ಪೇಟಿ ಶುರು ಆತಂದ್ರ ಒಬ್ಬಾಕಿನೂ ಮಾತಾಡಂಗಿಲ್ರಿ. ಇದು ನಮ್ಮ ಬೀಸೂ ಪದ ಅಂತ ದನಿ ಕೂಡಿಸಿ ಗುಣುಗುಣು ಅಂತಿದ್ರು. ಒಂದೊಂದ್ ದಿನ ಊರು ಬಂದ್ರೂ ಇಳೀತಿದ್ದಿಲ್ಲ. ಮುಗೀಲಿ ತಡಿಯೋ ನಿಂಗಪ್ಪಾ, ಅಂತಿದ್ರು."

ಚಹಾದ ಕಪ್ಪನ್ನು ಅವನ ಕೈಯಿಂದ ಕಿತ್ತುಕೊಂಡೆ ಎಂದೇ ಹೇಳಬೇಕು. ಅವನದೇ ಗಾಡಿಯಲ್ಲಿ, ದಾಳಿಂಬೆ ಬುಟ್ಟಿಗಳ ನಡುವೆ ಕೂತು ಮಾಸ್ತರ ಮನೆಗೆ ಹೋದೆವು. ನಿಂಗಪ್ಪ ಮೊದಲಿನಿಂದ ಮತ್ತೊಮ್ಮೆ ಹೇಳಿದ. ಎಂಬತ್ತರ ಹತ್ತಿರದ ಮಾಸ್ತರು ಮಲಗಿದ್ದ ಹೊರಸಿನ ಮೇಲೆ ಎದ್ದು ಕೂತರು.

"ಯಾರ್ಯಾರು?" ಎಂದರು. ನಿಂಗಪ್ಪ ನೆನಪು ಮಾಡಿಕೊಂಡು ಹೆಸರು ಹೇಳಿದ: ಹಾಲು ಮಾರುವ ಗಂಗಮ್ಮ, ಬಳೆಗಾರ್ತಿ ಸಂಗಮ್ಮ, ಕಣ್ಣು ಕಾಣದ ಒಬ್ಬ ದುರುಗಮ್ಮ. ಪ್ರತಿ ಹೆಸರಿಗೂ ಮಾಸ್ತರು ಹಾಜರಿ ತೆಗೆದುಕೊಳ್ಳುವಂತೆ ತಲೆಯಾಡಿಸಿದರು. ಅವರ ಕಣ್ಣು ತುಂಬಿತ್ತು. ನನ್ನದನ್ನು ಕೇಳಬೇಡಿ.

ಆಮೇಲೆ ಮಾಸ್ತರು ತಪ್ಪು ಒಪ್ಪಿಕೊಳ್ಳುವವರಂತೆ ಹೇಳಿದರು: "ಕಡೀಕ ನಾ ಒಂಚೂರು ಅವಸರ ಮಾಡಿದ್ದೆ ತಮ್ಮಾ. ಅವ್ವ ಇನ್ನೂ ನಿಧಾನ ಹಾಡತಿದ್ಲು."

ನಿಂಗಪ್ಪ ಕೈ ಮುಗಿದುಬಿಟ್ಟ. "ಬ್ಯಾಡ್ರಿ ಮಾಸ್ತರ! ಇನ್ನೂ ನಿಧಾನ ಬಾರಿಸಿದ್ರ ನನ್ನ ಗಾಡಿ ನಿಂತಬಿಡತಿತ್ರೀ!"