ಸೌತ್‌ಹಾಲ್‌ನಲ್ಲಿ ಹಾರದೇ ಉಳಿದ ಗುಂಡು

ವಿರಾಜಪೇಟೆಯಿಂದ ಹೊರಟವನು ಹೀಥ್ರೋದಲ್ಲಿ ಇಳಿದಾಗ ಜಿನುಗು ಮಳೆ. ಚಳಿಗೆಂದು ದೊಡ್ಡಪ್ಪನ ಕೋಟು ಹಾಕಿಕೊಂಡಿದ್ದೆ. ಅದರೊಳಗೆ ನನ್ನಂಥ ಇನ್ನೊಬ್ಬ ಬಾಡಿಗೆಗೆ ಇರಬಹುದಿತ್ತು. ಲಂಡನ್ನಿನ ಉತ್ತರಕ್ಕಿರುವ ಕೊಲಿಂಡೇಲ್‌ನ ಫ್ಲ್ಯಾಟ್‌ನಲ್ಲಿ ದೊಡ್ಡಪ್ಪನ ಮಗಳು ದೇಚು ಅಕ್ಕ, ಆಸ್ಪತ್ರೆಯಲ್ಲಿ ಡಾಕ್ಟರಾಗಿರುವ ಧಾರವಾಡದ ಸಂಜೀವ ಭಾವ, ಅವರ ಹಸುಗೂಸು ಮಗಳು ಕಾದಿದ್ದರು. ಮಗು ನನ್ನ ಮುಖ ನೋಡಿ ಆಕಳಿಸಿತು. ಇಷ್ಟು ಬೇಗ ನನ್ನನ್ನು ಅರ್ಥ ಮಾಡಿಕೊಂಡವರಿಲ್ಲ.

ಕೊಡಗಿನ ನಮ್ಮ ಮನೆಗಳಲ್ಲಿ ಗಂಡು ಹುಟ್ಟಿದರೆ ಅಂಗಳದಲ್ಲಿ ಒಂದು ಗುಂಡು ಹಾರಿಸುತ್ತಾರೆ. ಊರಿಗೆ ಸುದ್ದಿ ಮುಟ್ಟುವುದೇ ಹಾಗೆ. ಹೆಣ್ಣಾದರೆ ಕೋವಿ ಗೋಡೆ ಬಿಟ್ಟು ಇಳಿಯುವುದಿಲ್ಲ. ಮೊದಲ ದಿನವೇ ಪಂದಿ ಕರಿ ಬಡಿಸುತ್ತಾ ಅಕ್ಕ, "ತಮ್ಮಂದಿರಿಗೆ ಅಪ್ಪ ಹಾರಿಸಿದ್ರು. ನಂಗೆ ಯಾರೂ ಹಾರಿಸ್ಲಿಲ್ಲ. ಇವಳಿಗಾದ್ರೂ ಒಂದು ಹಾರಿಸ್ಬೇಕಿತ್ತು ಕಣೋ" ಎಂದಳು.

"ಇಲ್ಲಿ ಪಟಾಕಿ ಹೊಡದ್ರನ ಕೌನ್ಸಿಲ್‌ನವ್ರು ಪತ್ರ ಕಳಸ್ತಾರ. ಸುಮ್ನಿರು ಮಾರಾಯ್ತಿ" ಎಂದರು ಭಾವ.

ಅಕ್ಕ ಸುಮ್ಮನಾದಳು. ನಾನು ಆಗಲಿಲ್ಲ.

ನಾಮಕರಣದ ಊಟ ಸೌತ್‌ಹಾಲ್‌ನ ಒಂದು ಪಂಜಾಬಿ ರೆಸ್ಟೋರೆಂಟ್‌ನಲ್ಲಿ, ಬಿಯರು ವಿಸ್ಕಿಯೂ ಸಿಗುವ ಜಾಗ. ಹಿಂದಿನ ದಿನ ಊರು ನೋಡುವ ನೆಪದಲ್ಲಿ ನೆಲದಡಿಯ ಟ್ಯೂಬ್ ರೈಲು ಹತ್ತಿದೆ. ಟಾಟನ್‌ಹ್ಯಾಮ್ ಕೋರ್ಟ್ ರೋಡ್‌ನಲ್ಲಿ ರೈಲು ಬದಲಿಸುವಾಗ ಎಸ್ಕಲೇಟರ್‌ನಲ್ಲಿ ಅವಸರದವರಿಗೆಂದು ಬಿಡುವ ಎಡಗಡೆ ನಿಂತು ಅರ್ಧ ಲಂಡನ್ನಿನ ಆಫೀಸು ತಡ ಮಾಡಿದೆ. ಸೌತ್‌ಹಾಲ್‌ನ ಬ್ರಾಡ್‌ವೇಯಲ್ಲಿ ಬಿಸಿ ಜಿಲೇಬಿ ತಿಂದು, ಆಟಿಕೆ ಅಂಗಡಿಯಲ್ಲಿ ಕ್ಯಾಪ್ ಸಿಡಿಸುವ ಪಿಸ್ತೂಲು ಕೊಂಡೆ. ಕಿತ್ತಳೆ ಬಣ್ಣದ್ದು. ವಂಶದ ಗೌರವಕ್ಕೆ ಕಿತ್ತಳೆ ಸಾಲದು ಅನ್ನಿಸಿ, ಮನೆಗೆ ಬಂದು ಭಾವನ ಬೂಟ್ ಪಾಲಿಶ್ ಬಳಿದು ಕಪ್ಪು ಮಾಡಿದೆ.

ಕಾನೂನು ವಿಚಾರಿಸದೆ ಇರಲಿಲ್ಲ. ಅಮೆರಿಕದ ಕೆಲವು ಕಡೆ, ಕುಡಿಯದೆ ಇದ್ದರೆ, ಮದ್ಯ ಮಾರುವ ಹೋಟೆಲಿಗೂ ಪಿಸ್ತೂಲು ಬಚ್ಚಿಟ್ಟುಕೊಂಡು ಹೋಗಬಹುದು ಎಂದು ಎಲ್ಲೋ ಓದಿದ್ದೆ. ಅವರೂ ಇಂಗ್ಲಿಷ್, ಇವರೂ ಇಂಗ್ಲಿಷ್. ಕಾನೂನೂ ಒಂದೇ ಇದ್ದೀತು ಎಂದು ತೀರ್ಮಾನಿಸಿದೆ. ಹಾಗಾಗಿ ಊಟದ ದಿನ ಭಾವನ ಸ್ನೇಹಿತರು ಬಿಯರ್ ತರಿಸಿದರೆ, ನಾನು ಕಾನೂನುಬದ್ಧ ಪ್ರಜೆಯಾಗಿ ಲಸ್ಸಿಯ ಮೇಲೆ ಲಸ್ಸಿ ಕುಡಿದೆ. ಹೆಸರು ಕರೆದ ಕೂಡಲೇ ಹಿಂದಿನ ಕಾರ್ ಪಾರ್ಕಿಗೆ ಓಡಿ ಒಂದು ಸಿಡಿಸುವುದು ನನ್ನ ಯೋಜನೆ.

ಅಷ್ಟು ಲಸ್ಸಿ ಕುಡಿದವನು ಮೊದಲು ಓಡಿದ್ದು ಟಾಯ್ಲೆಟ್ಟಿಗೆ. ಕುರ್ಚಿಯ ಮೇಲಿನ ಕೋಟು ಜಾರಿತು. ಎತ್ತಿಕೊಡಲು ಬಗ್ಗಿದ ವೇಟರ್‌ನ ಕಾಲ ಬಳಿ ಅದರ ಜೇಬಿನಿಂದ ಪಿಸ್ತೂಲು ಬಿತ್ತು. ನಾನು ವಾಪಸು ಬಂದಾಗ ಎಲ್ಲರೂ ಕುರ್ಚಿ ಬಿಟ್ಟು ಎದ್ದಿದ್ದರು. ಅಕ್ಕ ಮಗುವನ್ನು ಎದೆಗೆ ಒತ್ತಿಕೊಂಡು ಗೋಡೆಗೆ ಆತು ನಿಂತಿದ್ದಳು.

ಮ್ಯಾನೇಜರ್ ಸರ್ದಾರ್‌ಜೀ ಹತ್ತಿರ ಬಂದರು. ಆಟಿಕೆ ಎಂದೆ. ಬರೀ ಲಸ್ಸಿ ಕುಡಿದಿದ್ದೇನೆ, ಬೇಕಾದರೆ ಮೂಸಿ ನೋಡಿ ಎಂದೆ. ನಮ್ಮ ಜಿಲ್ಲೆಯಲ್ಲಿ ನಮ್ಮವರ ಕೋವಿಗೆ ಲೈಸನ್ಸೇ ಬೇಡ ಎಂದೂ ಸೇರಿಸಿದೆ. ಅವರು ಹಿಂದಿಯಲ್ಲಿ, "ಕುಡಿದ್ಯೋ ಬಿಟ್ಟ್ಯೋ ಅನ್ನೋದಲ್ಲ ಬೇಟಾ. ಈ ದೇಶದಲ್ಲಿ ಊಟದ ಮೇಜಿಗೆ ಅದು ಬರೋದೇ ಇಲ್ಲ. ಮದ್ಯದ ಲೈಸನ್ಸ್ ನಂದು, ಫೋನ್ ಮಾಡ್ಲೇಬೇಕು" ಎಂದರು.

ಪೊಲೀಸರು ಬಂದು ಪಿಸ್ತೂಲನ್ನು ಬೆರಳಲ್ಲಿ ಉಜ್ಜಿದರು. ಪಾಲಿಶ್ ಹೋಗಿ ಕಿತ್ತಳೆ ಇಣುಕಿತು. ಕಿತ್ತಳೆಯಾಗಿಯೇ ಬಿಟ್ಟಿದ್ದರೆ ಯಾರೂ ಹೆದರುತ್ತಿರಲಿಲ್ಲ, ಅಸಲಿಯಂತೆ ಮಾಡಿದ್ದೇ ಅಪರಾಧ ಎಂದು ವಿವರಿಸಿ, ಎಚ್ಚರಿಕೆ ಕೊಟ್ಟು, ಅದನ್ನು ತೆಗೆದುಕೊಂಡು ಹೋದರು. ಅಷ್ಟರಲ್ಲಿ ನೆಂಟರಿಷ್ಟರು ಕೋಟು ಹಾಕಿಕೊಂಡು ಹೊರಟಿದ್ದರು. ಮಗುವಿನ ಹೆಸರನ್ನು ಯಾರೂ ಕರೆಯಲಿಲ್ಲ. ಕಾರಿನಲ್ಲಿ ಭಾವ ಬೈಯಲೂ ಇಲ್ಲ. ಆಸ್ಪತ್ರೆಯವರೆಗೆ ಸುದ್ದಿ ಹೋದರೆ ಏನು ಹೇಳುವುದೆಂದು ಮಾತ್ರ ಒಮ್ಮೆ ಕೇಳಿದರು.

ನಾನು ಹೊರಡುವ ದಿನ ಭಾವ ಡ್ಯೂಟಿಯಲ್ಲಿದ್ದರು. ಲಿಫ್ಟಿನ ತನಕ ಅಕ್ಕ ನಿದ್ದೆಹೋದ ಮಗುವನ್ನು ಎತ್ತಿಕೊಂಡು ಬಂದಳು. ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ, ಅಕ್ಕ ತಡೆದಳು.

"ಬಾಯಲ್ಲಾದ್ರೂ ಒಂದು ಹಾರಿಸಿ ಹೋಗೋ" ಎಂದಳು. ಆಮೇಲೆ ಕಾರಿಡಾರ್ ಕಡೆ ನೋಡಿ, "ಮೆಲ್ಲಗೆ. ಪಕ್ಕದವ್ರಿಗೆ ಕೇಳ್ಬಾರ್ದು."

ಬಗ್ಗಿ ಮಗುವಿನ ಕಿವಿಯಲ್ಲಿ "ಢಂ" ಎಂದೆ. ಅವಳು ಕಣ್ಣು ಬಿಡಲಿಲ್ಲ. ಊರಿಗೆಲ್ಲ ಕೇಳಲೆಂದೇ ಹಾರಿಸುವ ಗುಂಡು ಅದು. ಸಾಲಾಗಿದ್ದ ಬಾಗಿಲುಗಳಲ್ಲಿ ಒಂದೂ ತೆರೆಯಲಿಲ್ಲ.