ಉದ್ದಿನ ಹಿಟ್ಟಿನ ಕಟ್ಟೆ

ಹಲಸೂರಿನ ಒಂದು ಆಯುರ್ವೇದ ಕ್ಲಿನಿಕ್ಕಿನಲ್ಲಿ ಕಟಿಬಸ್ತಿ ಮಾಡೋದು ನನ್ನ ಕೆಲಸ. ಸೊಂಟದ ಮೇಲೆ ಉದ್ದಿನ ಹಿಟ್ಟಿನಿಂದ ದುಂಡಗೆ ಕಟ್ಟೆ ಕಟ್ಟಿ, ಒಳಗೆ ಬೆಚ್ಚಗಿನ ಎಣ್ಣೆ ನಿಲ್ಲಿಸಬೇಕು. ಬೋರಲು ಮಲಗಿದವರು ಅಲುಗಾಡಿದರೆ ಎಣ್ಣೆ ಸೋರುತ್ತೆ.

ಅವತ್ತು ಮಲಗಿದ್ದವಳು ಮಂಜುಳಾ. ಶಿವಾಜಿನಗರದ ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತೇ ಇರೋ ಕೆಲಸ ಅವಳದು. ಪಕ್ಕದ ಸ್ಟೂಲಿನ ಮೇಲೆ ಅವಳ ಅತ್ತೆ ಕೂತಿದ್ದರು. ಈ ಸೊಂಟನೋವೆಲ್ಲ ಮನೆಗೆಲಸ ತಪ್ಪಿಸಿಕೊಳ್ಳೋ ನಾಟಕ ಅಂತ ಆಗಲೇ ನನ್ನ ಕಿವಿಗೂ ಹಾಕಿದ್ದರು.

ಡಾಕ್ಟರು ಸ್ಕ್ಯಾನ್ ಹಿಡಿದುಕೊಂಡು ಒಳಗೆ ಬಂದರು. "ನೋಡಿ ಅಮ್ಮಾ, ಬೆನ್ನಿನ ಕೆಳಗಿನ ಮೂಳೆ ಒಂದು ಕಡೆ ಸೊಂಟದ ಮೂಳೆಗೆ ಕೂಡಿಕೊಂಡಿದೆ. ಹುಟ್ಟಿನಿಂದಲೇ ಹೀಗೆ, ಅಪರೂಪ. ಎಣ್ಣೆಯಿಂದ ಮೂಳೆ ಬಿಡಲ್ಲ, ನೋವು ಸ್ವಲ್ಪ ತಗ್ಗಬಹುದು ಅಷ್ಟೆ."

ಅತ್ತೆ ಸ್ಟೂಲಿನಿಂದ ಎದ್ದರು. ಈಗಲಾದರೂ ಸೊಸೆಯ ತಲೆ ಸವರುತ್ತಾರೆ ಅಂದುಕೊಂಡೆ.

"ಹುಟ್ಟಿನಿಂದಲೇ ಇದ್ರೆ, ನಾವು ಹೆಣ್ಣು ನೋಡೋಕೆ ಬಂದಾಗ ನಿಮ್ಮಮ್ಮ ಯಾಕೆ ಹೇಳ್ಲಿಲ್ಲ?" ಅಂದರು.

ಮಂಜುಳಾಳ ಬೆನ್ನು ನಡುಗಿತು, ಕಟ್ಟೆ ಬಿರುಕುಬಿಟ್ಟು ಎಣ್ಣೆಯೆಲ್ಲ ಹರಿಯಿತು.

ಈಗ ರೋಗಿಯ ಜೊತೆ ಬಂದವರನ್ನು ನಾನು ಒಳಗೆ ಬಿಡಲ್ಲ. ಯಾಕೆ ಅಂತ ಕೇಳಿದವರಿಗೆ, ಎಣ್ಣೆ ದುಬಾರಿ ಅಂತೀನಿ.